ಮೆಣಸಿನ ಗಿಡದ ಎಲೆ ಮುದುಡೋದಕ್ಕೆ ನೀರು ಕಾರಣ ಅಲ್ಲ ಅನಿಸುತ್ತೆ

ಕುಂಡದ ಮೆಣಸಿನ ಗಿಡದಲ್ಲಿ ಚಿಗುರೆಲೆ ಮಾತ್ರ ಮುದುಡ್ತಿದೆ, ಕೆಳಗಿನ ಎಲೆ ಚೆನ್ನಾಗಿದೆ, ನೀರು ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ಬೇಡ. ನೀರು ಕಮ್ಮಿಯಾದರೆ ಇಡೀ ಗಿಡ ಜೋತು ಬೀಳುತ್ತೆ, ಚಿಗುರು ಮಾತ್ರ ಅಲ್ಲ. ಇದು ಹುಳದ ಕೆಲಸ ಇರಬೇಕು.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗಿದೆಯಾ? ಹಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳ. ಚಿಗುರಿನ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಒಂದು ಮಿಲಿಮೀಟರ್ ಉದ್ದದ, ಹಳದಿ ಗೀಟಿನಂಥ ಹುಳಗಳು ಓಡಾಡಿದರೆ ಅನುಮಾನವೇ ಬೇಡ. ಅಂಚು ಕೆಳಕ್ಕೆ ಮಡಚಿ, ಎಲೆ ಉದ್ದಕ್ಕೆ ಕಿರಿದಾಗಿದ್ದರೆ ನುಸಿ. ಅದು ಬರಿಗಣ್ಣಿಗೆ ಕಾಣೋದಿಲ್ಲ, ಭೂತಗನ್ನಡಿ ಬೇಕು.

ಥ್ರಿಪ್ಸ್ ಆದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ. ಸೋಪಿಲ್ಲದೆ ಎಣ್ಣೆ ಸುಮ್ನೆ ಮೇಲೆ ತೇಲುತ್ತೆ. ಸಂಜೆಯೇ ಸಿಂಪಡಿಸಿ. ನಾನೊಮ್ಮೆ ಬಿಸಿಲಲ್ಲಿ ಹೊಡೆದು ಎಲೆಯೆಲ್ಲ ಸುಟ್ಟುಕೊಂಡೆ! ಎಲೆಯ ಅಡಿಭಾಗ ಪೂರ್ತಿ ನೆನೆಯಬೇಕು, ಹುಳ ಇರೋದು ಅಲ್ಲೇ ಅಲ್ವಾ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಿ. ನುಸಿಗೆ ನೀರಲ್ಲಿ ಕರಗುವ ಗಂಧಕ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹಾಕಬೇಡಿ, ಎಲೆ ಸುಡುತ್ತೆ.

ಯೂರಿಯಾ ಸದ್ಯಕ್ಕೆ ನಿಲ್ಲಿಸಿ. ಮೆತ್ತನೆ ಚಿಗುರು ಜಾಸ್ತಿ ಆದಷ್ಟೂ ಹುಳಕ್ಕೆ ಹಬ್ಬ. ಮುದುಡಿದ ಎಲೆ ಮತ್ತೆ ನೆಟ್ಟಗಾಗೋದಿಲ್ಲ, ಅದನ್ನು ನೋಡಿ ಬೇಜಾರಾಗಬೇಡಿ. ಎರಡು ವಾರದ ನಂತರ ಬರೋ ಹೊಸ ಎಲೆ ಹೇಗಿದೆ ಅಂತ ನೋಡಿ, ಇಲ್ಲೇ ತಿಳಿಸಿ.