ಪರಿಸರಸ್ನೇಹಿ ಪ್ರಯಾಣ ದುಡ್ಡಿದ್ದವರ ಶೋಕಿಯೇ? – ಸಂಪಾದಕರ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಒಂದು ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಬರೆದವರು ಕಾಲೇಜು ವಿದ್ಯಾರ್ಥಿನಿ. ಮೂವರು ಗೆಳೆಯರ ಜೊತೆ ರಜೆಯ ಒಂದು ತಿಂಗಳು ಬೆನ್ನಿಗೆ ಚೀಲ ಏರಿಸಿಕೊಂಡು ತಿರುಗುವ ಯೋಜನೆ ಅವರದು. ಹೋದ ಕಡೆ ಪರಿಸರ ಕೆಡಿಸಿ ಬರಬಾರದೆಂಬ ಆಸೆ. ಅದಕ್ಕೆ ಏನೇನು ಬೇಕೆಂದು ಹುಡುಕಿ ಪಟ್ಟಿ ಮಾಡಿದ್ದಾರೆ: ಬಿದಿರಿನ ಬ್ರಷ್ಷು, ಬಿದಿರಿನ ಚಮಚ, ಸ್ಟೀಲ್ ಬಾಟಲಿ, ಸೋಲಾರ್ ಚಾರ್ಜರ್, ಮರುಬಳಕೆ ಪ್ಲಾಸ್ಟಿಕ್ಕಿನ ಜಾಕೆಟ್, ಹತ್ತಿ ಚೀಲಗಳು. ಕೂಡಿಸಿ ನೋಡಿದರೆ ಪ್ರಯಾಣಕ್ಕಿಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ಕರಗಿದೆ. “ಸಾಲದ್ದಕ್ಕೆ ರೈಲಿಗಿಂತ ವಿಮಾನದ ಟಿಕೆಟ್ಟೇ ಅಗ್ಗ. ಹಾಗಾದರೆ ಇದೆಲ್ಲ ದುಡ್ಡಿದ್ದವರ ಶೋಕಿಯೇ?” ಎಂದು ಕೇಳಿದ್ದಾರೆ. ಒಬ್ಬ ಗೆಳೆಯನ ಹತ್ತಿರ ನಡೆಯಲು ಬೂಟಿಲ್ಲ, ಯಾರದ್ದಾದರೂ ಹಳೆಯದು ಹಾಕಿಕೊಂಡರೆ ಆದೀತೇ ಎಂಬ ಉಪಪ್ರಶ್ನೆಯೂ ಇದೆ.

ಶೋಕಿ ಇರುವುದು ನಿಮ್ಮ ಆಸೆಯಲ್ಲಲ್ಲ, ಆ ಪಟ್ಟಿಯಲ್ಲಿ. ಅದನ್ನು ಹರಿದುಹಾಕಿ. ಮನೆಯಲ್ಲಿರುವ ಪ್ಲಾಸ್ಟಿಕ್ ಬ್ರಷ್ಷನ್ನು ಎಸೆದು ಬಿದಿರಿನದು ತಂದರೆ ಕಸವಾಗುವುದು ಒಂದಲ್ಲ, ಎರಡು ಬ್ರಷ್ಷು. ಹತ್ತಿ ಚೀಲದ ಕಥೆ ಇನ್ನೂ ಸ್ವಾರಸ್ಯ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಲೆಕ್ಕ ಒಂದನ್ನೇ ಹಿಡಿದರೂ ಸಾಮಾನ್ಯ ಹತ್ತಿ ಚೀಲವೊಂದನ್ನು 52 ಸಲ ಬಳಸಿದ ಮೇಲಷ್ಟೇ ಅದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ನೀರು, ಗೊಬ್ಬರ ಇತ್ಯಾದಿ ಎಲ್ಲ ಲೆಕ್ಕವೂ ಸೇರಿದರೆ 7,100 ಸಲ. ಹತ್ತಿ ಕೆಟ್ಟದ್ದು ಅಂತಲ್ಲ. ಮನೆಯಲ್ಲಿ ಈಗಾಗಲೇ ನಾಲ್ಕು ಚೀಲ ನೇತಾಡುತ್ತಿರುವಾಗ ಐದನೆಯದನ್ನು ಕೊಂಡರೆ ಲಾಭ ಅಂಗಡಿಯವನಿಗೆ, ಭೂಮಿಗಲ್ಲ.

ಸೋಲಾರ್ ಚಾರ್ಜರ್ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಫೋನನ್ನು ಒಮ್ಮೆ ಪೂರ್ತಿ ಚಾರ್ಜ್ ಮಾಡಲು ಬೇಕಾದ್ದು ಹೆಚ್ಚುಕಡಿಮೆ 15 ವ್ಯಾಟ್-ಗಂಟೆ. ಒಂದು ಲೀಟರ್ ತಣ್ಣೀರು ಕುದಿಯಲು ಬೇಕಾದ್ದು 90ಕ್ಕಿಂತ ಹೆಚ್ಚು. ಅಂದರೆ ಒಂದು ಪಾತ್ರೆ ನೀರು ಕಾಯಿಸುವ ಶಕ್ತಿಯಲ್ಲಿ ಫೋನು ಆರು ಸಲ ತುಂಬುತ್ತದೆ. 50 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಏರಿಸಿ ಸ್ನಾನ ಮಾಡಿದಿರೋ, ಎಪ್ಪತ್ತೈದು ಚಾರ್ಜಿನಷ್ಟು ಶಕ್ತಿ ಒಂದೇ ಏಟಿಗೆ ಚರಂಡಿಗೆ. ಚೀಲದ ಮೇಲೆ ಓರೆಯಾಗಿ ನೇತಾಡುವ ಪುಟ್ಟ ಸೋಲಾರ್ ಹಲಗೆಗೆ ನೀವು ನಡೆಯುವಾಗ ಸರಿಯಾಗಿ ಬಿಸಿಲೂ ಬೀಳುವುದಿಲ್ಲ. ನಾಲ್ವರ ನಡುವೆ ಎರಡು ಪವರ್ ಬ್ಯಾಂಕ್ ಸಾಕು. ಉಳಿತಾಯ ಬೇಕೆಂದರೆ ಸ್ನಾನವನ್ನು ಐದು ನಿಮಿಷ ಮೊದಲೇ ಮುಗಿಸಿ.

ಹಾಗೆ ನೋಡಿದರೆ ದುಡ್ಡು ಕಡಿಮೆ ಇರುವವರು ತಮಗೇ ಗೊತ್ತಿಲ್ಲದೆ ಪರಿಸರದ ಪಕ್ಷದಲ್ಲಿರುತ್ತಾರೆ. ಎಂಟು ಜನರ ಡಾರ್ಮಿಟರಿಯಲ್ಲಿ ಮಲಗುವವರ ತಲೆಗೆ ಬೀಳುವ ವಿದ್ಯುತ್ತು, ನೀರು, ಹಾಸಿಗೆ ಬಟ್ಟೆಯ ಒಗೆತ ಹೋಟೆಲ್ ಕೋಣೆಯವರದಕ್ಕಿಂತ ಎಷ್ಟೋ ಕಡಿಮೆ. ಬಸ್ಸಿನಲ್ಲಿ ಹೋಗುತ್ತಾರೆ, ತಾವೇ ಬೇಯಿಸಿಕೊಳ್ಳುತ್ತಾರೆ, ಹರಿದದ್ದನ್ನು ಹೊಲಿದುಕೊಳ್ಳುತ್ತಾರೆ. ಈ ಯಾವುದಕ್ಕೂ ಹಸಿರು ಚೀಟಿ ಅಂಟಿರುವುದಿಲ್ಲ, ಅಷ್ಟೇ.

ಆದರೆ ನಿಮ್ಮ ಜೇಬೂ ಭೂಮಿಯೂ ಬೇರೆ ಬೇರೆ ದಾರಿ ಹಿಡಿಯುವ ಜಾಗ ಒಂದಿದೆ, ಅದನ್ನು ನೀವೇ ಗುರುತಿಸಿದ್ದೀರಿ: ವಿಮಾನ. ಬ್ರಿಟನ್ ಸರ್ಕಾರ ಪ್ರಕಟಿಸುವ ಲೆಕ್ಕ ತೆಗೆದುಕೊಂಡರೆ, ದೇಶದೊಳಗಿನ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಒಂದು ಕಿಲೋಮೀಟರ್ ಹೋಗಲು ಸುಮಾರು 250 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ಹೊರಬೀಳುತ್ತದೆ. ರೈಲಿನಲ್ಲಿ 35ರ ಆಸುಪಾಸು, ದೂರದ ಬಸ್ಸಿನಲ್ಲಿ 30ಕ್ಕೂ ಕಡಿಮೆ. ನಿಮ್ಮ ಇಡೀ ಪಟ್ಟಿಯ ಪುಣ್ಯವನ್ನು ಒಂದು ವಿಮಾನ ಒಂದೇ ಸಲಕ್ಕೆ ನುಂಗಿಬಿಡುತ್ತದೆ. ಮತ್ತೆ ಟಿಕೆಟ್ ಯಾಕೆ ಅಗ್ಗ ಅಂತೀರಾ? ಕಾರಣ ಹಲವು. ಒಂದು ಮಾತ್ರ ಹೇಳುತ್ತೇನೆ: ಬಂದಿಳಿದ ವಿಮಾನದ ಟ್ಯಾಂಕಿನಲ್ಲಿರುವ ಇಂಧನಕ್ಕೆ ಸುಂಕ ಹಾಕುವಂತಿಲ್ಲ ಎಂದು 1944ರ ಶಿಕಾಗೊ ಒಪ್ಪಂದ ಬರೆದಿಟ್ಟಿತು. ಆಮೇಲೆ ದೇಶದೇಶಗಳ ನಡುವಿನ ಒಪ್ಪಂದಗಳೂ ಅದೇ ದಾರಿ ಹಿಡಿದವು. ಅಂತರರಾಷ್ಟ್ರೀಯ ವಿಮಾನಗಳ ಇಂಧನಕ್ಕೆ ಇವತ್ತಿಗೂ ಬಹುಪಾಲು ತೆರಿಗೆಯೇ ಇಲ್ಲ. ಅಗ್ಗವೆಂದು ಕಾಣುವುದರ ಹಿಂದೆ ಬೇರೆಯವರು ಕಟ್ಟುವ ಬಿಲ್ಲಿದೆ.

ಆದರೂ ನಿಮ್ಮ ಜೇಬಿನಿಂದ ಹೋಗುವ ದುಡ್ಡನ್ನೇ ಎಣಿಸೋಣ. ಕಡಿಮೆ ದರದ ವಿಮಾನದಲ್ಲಿ ದೊಡ್ಡ ಚೀಲಕ್ಕೆ ಬೇರೆ ಶುಲ್ಕ. ವಿಮಾನ ನಿಲ್ದಾಣ ಊರಾಚೆ, ಅಲ್ಲಿಗೆ ಹೋಗಿಬರಲು ಮತ್ತೊಂದು ಖರ್ಚು. ರಾತ್ರಿ ರೈಲಾದರೆ ಒಂದು ರಾತ್ರಿಯ ಬಾಡಿಗೆ ಉಳಿಯಿತು. ಇಷ್ಟನ್ನೂ ಒಂದು ಕಾಗದದ ಮೇಲೆ ಬರೆದು ಕೂಡಿಸಿ. ಎಷ್ಟೋ ಸಲ ಅಂತರ ಮಾಯವಾಗುತ್ತದೆ. ಮಾಯವಾಗದಿದ್ದರೆ? ಆಗ ಟಿಕೆಟ್ ಬದಲಿಸಬೇಡಿ, ಊರು ಬದಲಿಸಿ. ನಿಮ್ಮ ನಕ್ಷೆಯಲ್ಲಿ ಒಂದು ತಿಂಗಳಿಗೆ ಒಂಬತ್ತು ಜಾಗಗಳಿವೆ. ಓದುವಾಗಲೇ ನನಗೆ ಸುಸ್ತಾಯಿತು. ಮೂರನ್ನು ಇಟ್ಟುಕೊಂಡು ಆರನ್ನು ಬಿಡಿ. ಓಡಾಟದ ಖರ್ಚು, ಓಡಾಟದ ಹೊಗೆ ಎರಡೂ ಇಳಿಯುತ್ತವೆ. ವಾರಗಟ್ಟಲೆ ಉಳಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೇಳಬಹುದು. ನಾಲ್ಕನೆಯ ದಿನಕ್ಕೆ ಅಡುಗೆಮನೆಯಲ್ಲಿ ನಿಮ್ಮದೇ ಒಂದು ಡಬ್ಬಿ ಇರುತ್ತದೆ, ಪೊಟ್ಟಣದ ಊಟ ತಾನಾಗಿ ತಪ್ಪುತ್ತದೆ.

ಉಳಿದ ಮೂರರಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಜಾಗ ಒಂದಿದ್ದರೆ ಸೀಸನ್ ಬಿಟ್ಟು ಹೋಗಿ. ಥಾಯ್ಲೆಂಡಿನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಗಟ್ಟಲೆ ಜನ ನುಗ್ಗಿ, ದೋಣಿಗಳ ಲಂಗರಿಗೆ ಸಿಕ್ಕಿ ಹವಳ ಪುಡಿಯಾಗಿ, 2018ರ ಜೂನ್‌ನಲ್ಲಿ ಅದನ್ನು ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ, ಅದೂ ದೋಣಿಗಳು ಕೊಲ್ಲಿಯೊಳಗೆ ಬರಬಾರದೆಂಬ ಷರತ್ತಿನ ಮೇಲೆ. ನಡುವಿನ ವರ್ಷಗಳಲ್ಲಿ, ಮನುಷ್ಯರು ಇಲ್ಲದ ನೀರಿಗೆ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ತಾವಾಗಿಯೇ ವಾಪಸಾಗಿದ್ದವು.

ಈಗ ನೀವು ಪತ್ರದಲ್ಲಿ ಕೇಳದೇ ಇದ್ದ, ಆದರೆ ಕೇಳಲೇಬೇಕಿದ್ದ ವಿಷಯ. ನಾಚಿಕೆ ಬಿಟ್ಟು ಬರೆಯುತ್ತೇನೆ. ಕಾಡಿನಲ್ಲಿ ಮೊದಲ ಸಲ ರಾತ್ರಿ ತಂಗಿದಾಗ ನನಗೆ ಇಪ್ಪತ್ತೋ ಇಪ್ಪತ್ತೊಂದೋ. ಬೆಳಗ್ಗೆ ತೊರೆಯ ಪಕ್ಕದಲ್ಲೇ ಬಹಿರ್ದೆಸೆ ಮುಗಿಸಿ, ಕಾಗದವನ್ನು ಒಂದು ಚಪ್ಪಟೆ ಕಲ್ಲಿನಡಿ ತುರುಕಿ, ಭಾರೀ ಶಿಸ್ತಿನ ಕೆಲಸ ಮಾಡಿದೆನೆಂದು ಬೀಗಿದ್ದೆ. ಅಂದು ರಾತ್ರಿ ಮಳೆ ಸುರಿಯಿತು. ಮರುದಿನ ಕೆಳಗೆ ನಾವು ನೀರು ತುಂಬುವ ಜಾಗದಲ್ಲಿ, ಬಾಗಿದ ಒಂದು ರೆಂಬೆಗೆ ಬಿಳಿಯ ಪಟ್ಟಿಯೊಂದು ಅಂಟಿಕೊಂಡು ಗಾಳಿಗೆ ಹಾರಾಡುತ್ತಿತ್ತು. ಜೊತೆಯವರಿಗೆ ಯಾರದೆಂದು ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಅವತ್ತು ಆ ನೀರನ್ನು ನಾನೂ ಕುಡಿದೆ.

ಸರಿಯಾದ ಕ್ರಮ ಹೀಗೆ. ನೀರಿನಿಂದ, ಕಾಲುದಾರಿಯಿಂದ, ಡೇರೆಯಿಂದ ಕನಿಷ್ಠ 60 ಮೀಟರ್, ಅಂದರೆ ದೊಡ್ಡವರ ಎಪ್ಪತ್ತು ಎಂಬತ್ತು ಹೆಜ್ಜೆ ದೂರ ಹೋಗಿ. ಗೇಣಿಗಿಂತ ಸ್ವಲ್ಪ ಕಡಿಮೆ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ. ಕೊಳೆಸುವ ಸೂಕ್ಷ್ಮಜೀವಿಗಳು ದಂಡಿಯಾಗಿರುವುದು ಮೇಲ್ಪದರದ ಆ ಕಪ್ಪು ಮಣ್ಣಿನಲ್ಲೇ. ಅದಕ್ಕಿಂತ ಮೇಲಾದರೆ ಪ್ರಾಣಿಗಳು ಕೆದಕುತ್ತವೆ, ತೀರಾ ಕೆಳಗಾದರೆ ಕೊಳೆಯುವುದು ನಿಧಾನ. ತೆಗೆದ ಮಣ್ಣನ್ನೇ ಮುಚ್ಚಿ ಮೇಲೆ ತರಗೆಲೆ ಹರಡಿ. ಕಾಗದ ಮಾತ್ರ ಗುಂಡಿಗೆ ಬೇಡ, ಜಿಪ್ ಚೀಲದಲ್ಲಿ ವಾಪಸ್ ಬರಲಿ. ಹಿಮದಲ್ಲಿ, ಬರೀ ಬಂಡೆಯ ಎತ್ತರದಲ್ಲಿ ಕೊಳೆಸುವ ಮಣ್ಣೇ ಇಲ್ಲ; ಅಲ್ಲಿ ಎಲ್ಲವನ್ನೂ ಹೊತ್ತು ತರಬೇಕು. ಪುಟ್ಟ ಕರಣೆ ಕೊಳ್ಳುವ ದುಡ್ಡಿಲ್ಲದಿದ್ದರೆ ಗಟ್ಟಿ ಕಡ್ಡಿಯೂ ನಡೆಯುತ್ತದೆ, ಬೆವರು ಜಾಸ್ತಿ ಅಷ್ಟೇ. ಸೋಪಿಗೂ ಇದೇ ಅರವತ್ತು ಮೀಟರಿನ ನಿಯಮ. ‘ಜೈವಿಕವಾಗಿ ಕರಗುವಂಥದ್ದು’ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅದನ್ನು ಕರಗಿಸಬೇಕಾದ್ದು ಮಣ್ಣು, ತೊರೆಯಲ್ಲ.

ಕುಡಿಯುವ ನೀರಿನ ಬಾಟಲಿಯನ್ನು ಒಬ್ಬೊಬ್ಬರು ದಿನಕ್ಕೆರಡು ಕೊಂಡರೆ ನಾಲ್ವರಿಗೆ ತಿಂಗಳಿಗೆ 240 ಖಾಲಿ ಬಾಟಲಿ. ಬೇಕಿಲ್ಲ. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ನಾಲ್ವರೂ ಸೇರಿ ದುಡ್ಡು ಹಾಕಿ ಕೊಳ್ಳಬೇಕಾದ ವಸ್ತು ಒಂದಿದ್ದರೆ ಅದು ಹಿಂಡಿ ಸೋಸುವ 0.1 ಮೈಕ್ರಾನಿನ (ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನಷ್ಟು ಸಣ್ಣ ರಂಧ್ರಗಳ) ಫಿಲ್ಟರ್. ಬ್ಯಾಕ್ಟೀರಿಯಾ, ಭೇದಿ ತರಿಸುವ ಜಿಯಾರ್ಡಿಯಾ ಎಂಬ ಪರೋಪಜೀವಿ ಇದರಲ್ಲಿ ಸಿಕ್ಕಿಬೀಳುತ್ತವೆ, ವೈರಸ್ಸು ಮಾತ್ರ ನುಸುಳಿಹೋಗುತ್ತದೆ. ಮನುಷ್ಯರ ಕೊಳೆ ಸೇರುವ ಊರ ಕೆಳಗಿನ ನೀರಾದರೆ ಕುದಿಸುವುದೇ ಸರಿ. ಒದ್ದೆ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಕೂದಲೆಳೆ ಕೊಳವೆಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಚಳಿಯ ರಾತ್ರಿ ಅದನ್ನು ಜೊತೆಗೇ ಹೊದಿಕೆಯೊಳಗೆ ಮಲಗಿಸಿಕೊಳ್ಳಿ. ಬಾಟಲಿಗೆ ಸ್ಟೀಲೇ ಆಗಬೇಕೆಂದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನದು ಮನೆಯಲ್ಲಿದ್ದರೆ ಅದೇ ಹಗುರ.

ಹಳೆಯ ಸಾಮಾನಿನ ಬಗ್ಗೆ ಹೆದರಬೇಡಿ. ಎರವಲು ಕೇಳಿ, ಬಾಡಿಗೆಗೆ ತನ್ನಿ. ಕಿತ್ತುಬಂದ ಚೀಲದ ಪಟ್ಟಿಗೆ ಸೂಜಿಯಲ್ಲಿ ಹಲ್ಲಿನ ಫ್ಲಾಸ್ ದಾರ ಹಾಕಿ ಹೊಲಿದು ನೋಡಿ, ನೂಲಿಗಿಂತ ಗಟ್ಟಿ ನಿಲ್ಲುತ್ತದೆ. ನನ್ನ ಚೀಲದ ಎಡಪಟ್ಟಿ ಇವತ್ತಿಗೂ ಅದರಲ್ಲೇ ನಿಂತಿದೆ, ಹತ್ತಿರ ಹಿಡಿದರೆ ಪುದೀನದ ವಾಸನೆ. ಮಳೆಗೆ ಚೀಲದ ಹೊರಗವಚ ಕೊಳ್ಳುವ ಬದಲು ಚೀಲದೊಳಗೇ ಒಂದು ದಪ್ಪ ಕಸದ ಚೀಲ ಹಾಕಿ ಅದರೊಳಗೆ ಬಟ್ಟೆ ತುಂಬಿ, ಬಾಯಿ ಹೊಸೆದು ಮಡಚಿ. ಹೊರಗವಚದ ಸಂದಿಯಿಂದ ಬೆನ್ನಗುಂಟ ನೀರು ಇಳಿಯುತ್ತದೆ, ಇದರಲ್ಲಿ ಇಳಿಯದು. ಮಳೆ ಜಾಕೆಟ್ ಮೇಲೆ ನೀರು ಮುತ್ತಿನಂತೆ ಜಾರದೆ ಒಳಗೆ ಹೀರುತ್ತಿದ್ದರೆ ತಕ್ಷಣ ಎಸೆಯಬೇಡಿ. ಒಗೆದು, ಒಳಗಿನ ಚೀಟಿಯಲ್ಲಿ ಬಿಸಿ ತಾಗಿಸಬಹುದೆಂದಿದ್ದರೆ ಸಣ್ಣ ಬಿಸಿಯಲ್ಲಿ ಒಣಗಿಸಿ. ಅರ್ಧದಷ್ಟು ಜಾಕೆಟ್‌ಗಳು ಆಮೇಲೂ ಇನ್ನೊಂದೆರಡು ಮಳೆಗಾಲ ಬಾಳಿಯಾವು ಅನ್ನುವುದು ನನ್ನ ಅಂದಾಜು.

ಉಳಿತಾಯಕ್ಕೂ ಒಂದು ಮಿತಿ ಬೇಕು. ಭಾರ ಹೊರುವವರ, ದಾರಿ ತೋರಿಸುವವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಪ್ರವೇಶ ಶುಲ್ಕ ತಪ್ಪಿಸಲು ಬೇಲಿ ನುಸುಳಬೇಡಿ. ಎಷ್ಟೋ ಕಡೆ ಆ ಕಾಡಿನ ಕಾವಲಿಗೆ ಸಿಗುವುದೇ ಅಷ್ಟು. ಕಾಲುದಾರಿಯ ತಿರುವಿನಲ್ಲಿ ಅಡ್ಡಹಾದಿಯಿಂದ ಇಳಿದು ಎರಡು ನಿಮಿಷ ಉಳಿಸುವುದೂ ಇದೇ ಜಾತಿಯ ಜಾಣತನ. ನಿಮ್ಮ ಹಿಂದೆ ಬಂದವರೂ ಅಲ್ಲೇ ಇಳಿಯುತ್ತಾರೆ, ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ.

ಇನ್ನು ಬೂಟು. ಇಷ್ಟು ಹೊತ್ತು ಕೊಳ್ಳಬೇಡಿ ಅಂದವನೇ ಈಗ ಕೊಳ್ಳಿ ಅನ್ನುತ್ತಿದ್ದೇನೆ. ಬೇರೆಯವರು ವರ್ಷಗಟ್ಟಲೆ ತುಳಿದ ಬೂಟಿನ ಒಳಮೆತ್ತೆ ಅವರ ಪಾದದ ಅಚ್ಚಿಗೆ ಕೂತಿರುತ್ತದೆ, ನಿಮ್ಮ ಗೆಳೆಯನ ಪಾದಕ್ಕಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ ನೋಡಲಿ. ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು. ಹೊರಡಲು ನಿಮಗಿನ್ನೂ ಮೂರು ವಾರ ಇದೆ. ಆ ಮೂರು ವಾರವೂ ಅವನು ಅದನ್ನೇ ಹಾಕಿಕೊಂಡು ಕಾಲೇಜಿಗೆ ಹೋಗಲಿ, ಮೆಟ್ಟಿಲು ಹತ್ತಿ ಇಳಿಯಲಿ. ಯಾರಾದರೂ ನಕ್ಕರೆ ನಗಲಿ.