ಕ್ರೈಸ್ತ ಧರ್ಮದ ಪ್ರಕಾರ ಗಂಡ-ಹೆಂಡತಿ ಕೂಡುವುದು ಮಕ್ಕಳಿಗಾಗಿ ಮಾತ್ರವೇ?

ಮಕ್ಕಳಿಗಾಗಿ ಮಾತ್ರ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಯೇಸುವಿನ ಸಂದೇಶ ಸಾರಿದ ಪೌಲನು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ, ಬೈಬಲ್‌ನಲ್ಲೇ ಇರುವ ಮೊದಲ ಪತ್ರದ 7ನೇ ಅಧ್ಯಾಯ ನೋಡಿ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಇದೆ ಅನ್ನುತ್ತಾನೆ. ಆ ಕಾಲಕ್ಕೆ ಇದೇನೂ ಹೊಸದಲ್ಲ, ಅಲ್ವಾ? ಆದರೆ ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಅನ್ನುತ್ತಾನೆ. ಮೊದಲರ್ಧ ಮಾತ್ರ ಹಿಡಿದುಕೊಂಡು ಬಲವಂತ ಮಾಡುವವರು ಉಳಿದರ್ಧ ಓದಿರುವುದಿಲ್ಲ. ಪ್ರಾರ್ಥನೆಗೆಂದು ದೂರ ಇರುವುದಾದರೂ ಇಬ್ಬರೂ ಒಪ್ಪಬೇಕು, ಅದೂ ಸ್ವಲ್ಪ ಕಾಲ ಮಾತ್ರ.

ಗರ್ಭನಿರೋಧಕದ ವಿಷಯಕ್ಕೆ ಬಂದರೆ ಕ್ರೈಸ್ತ ಪಂಗಡಗಳಲ್ಲೇ ಒಮ್ಮತವಿಲ್ಲ. ಇಂಗ್ಲೆಂಡಿನ ಚರ್ಚ್ ಪರಂಪರೆಯ ಆಂಗ್ಲಿಕನ್ ಬಿಷಪ್‌ಗಳು 1930ರಲ್ಲೇ ಕೆಲವು ಸಂದರ್ಭಗಳಿಗೆ ಒಪ್ಪಿದರು. ಕ್ಯಾಥೊಲಿಕರ ಮುಖ್ಯಸ್ಥರಾಗಿದ್ದ ಪೋಪ್ ಆರನೇ ಪೌಲ್ 1968ರಲ್ಲಿ ಕೃತಕ ವಿಧಾನ ಬೇಡವೇ ಬೇಡ ಎಂದರು. ತಿಂಗಳ ಚಕ್ರ ಲೆಕ್ಕ ಹಾಕಿ, ಗರ್ಭ ನಿಲ್ಲದ ದಿನಗಳಲ್ಲಿ ಕೂಡುವುದಕ್ಕೆ ಮಾತ್ರ ಅವರ ಅಡ್ಡಿಯಿರಲಿಲ್ಲ.