ನಾಲ್ಕು ಹುಡುಗರು ಬಂದರು, ಸರಿ. ಅವರನ್ನು ಬೆಳೆಸೋರು ಯಾರು?

ಜುಲೈ ಕೊನೆ ಹತ್ತಿರ ಬಂತೆಂದರೆ, ಅಂದರೆ ಬೇಸ್‌ಬಾಲ್ ಟೀಮ್‌ಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಟ್ರೇಡ್ ಗಡುವು ಬಂತೆಂದರೆ, ನನಗೆ ಬರುವ ಪತ್ರಗಳೆಲ್ಲ ಒಂದೇ ರಾಗ. ಹಳಬರನ್ನು ಮಾರಿ, ಹುಡುಗರನ್ನು ತನ್ನಿ, ಮೂರು ವರ್ಷ ಸೋಲಿ, ಆಮೇಲೆ ಕಪ್ ಎತ್ತಿ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಅದೇ ಬರುತ್ತದೆ. ಹಾಗಾಗಿ ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಜಾಗ ಉಳಿದಷ್ಟು. ಡ್ರಾಫ್ಟ್ ಅಂದರೇನು, ಮೈನರ್ ಲೀಗ್ ಅಂದರೇನು ಅಂತ ಕೇಳಿದವರಿಗೆ ಒಂದೇ ಮಾತು: ಟೀಮ್‌ಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳೋದು ಡ್ರಾಫ್ಟ್, ಆ ಒಂದೊಂದು ಆಯ್ಕೆ ಪಿಕ್, ಹುಡುಗರು ಮೇಜರ್ ಲೀಗ್‌ಗೆ ಬರುವ ಮೊದಲು ಪಳಗುವ ಕೆಳಗಿನ ಲೀಗ್ ಮೈನರ್ ಲೀಗ್. ಉಳಿದದ್ದಕ್ಕೆ ದಯವಿಟ್ಟು ಒಂದು ಸೀಸನ್ ಆಟ ನೋಡಿ.

ನಮ್ಮ ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತಿತು. ಆ ಡಿಸೆಂಬರಿನಲ್ಲಿ ಪಿಚರ್ (ಚೆಂಡು ಎಸೆಯುವವ) ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟು ನಾಲ್ಕು ಹುಡುಗರನ್ನು ತಂದರು. ಹ್ಯೂಸ್ಟನ್ ಆಸ್ಟ್ರೋಸ್ ಕೂಡ ಹೀಗೇ ಸೋತು ಸೋತು 2017ರಲ್ಲಿ ಗೆದ್ದಿತಲ್ವಾ? ಹಾಗಾದರೆ ನಮಗೆ ಇನ್ನೆಷ್ಟು ವರ್ಷ? (ಷಿಕಾಗೊ ಹತ್ತಿರದ ನೇಪರ್‌ವಿಲ್‌ನಿಂದ)

ಸ್ವಾಮಿ, ನಿಮ್ಮ ಟೀಮ್ ಈ ಸಿನಿಮಾವನ್ನು ಆಗಲೇ ಒಂದು ಸಲ ಪೂರ್ತಿ ಓಡಿಸಿದೆ. ಮರೆತುಬಿಟ್ಟಿರಾ?

2016ರ ಡಿಸೆಂಬರ್. ವೈಟ್ ಸಾಕ್ಸ್ ತನ್ನ ಎಡಗೈ ಪಿಚರ್ ಕ್ರಿಸ್ ಸೇಲ್‌ನನ್ನು ಇದೇ ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡ, ಮೈಕಲ್ ಕೋಪೆಕ್ ಸೇರಿ ನಾಲ್ವರನ್ನು ತಂದಿತು. ಮರುದಿನವೇ ಆಡಮ್ ಈಟನ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಲ್ಯೂಕಸ್ ಜಿಯೊಲಿಟೊ ಸೇರಿ ಮೂವರು ಪಿಚರ್‌ಗಳು. 2017ರ ಜುಲೈನಲ್ಲಿ ಹೋಸೆ ಕಿಂಟಾನ ಊರಿನ ಇನ್ನೊಂದು ಟೀಮ್ ಕಬ್ಸ್‌ಗೆ ಹೋದ, ಎಲೋಯ್ ಹಿಮೆನೆಸ್ ಮತ್ತು ಡಿಲನ್ ಸೀಸ್ ಬಂದರು. ಆಗ ಎಲ್ಲರೂ ಇವರ ವ್ಯಾಪಾರ ನೋಡಿ ಭೇಷ್ ಅಂದರು. ನಾನೂ ಹೇಳುತ್ತೇನೆ, ಟ್ರೇಡ್‌ಗಳು ಒಳ್ಳೆಯವೇ. ಮಾರಿದ್ದರಲ್ಲಿ ತಪ್ಪಿರಲಿಲ್ಲ.

ಫಲ ಏನಾಯ್ತು? 2018ರಲ್ಲಿ ನೂರು ಸೋಲು. 2020ರಲ್ಲಿ ಪ್ಲೇಆಫ್, ಮೊದಲ ಸುತ್ತಿನಲ್ಲೇ ಔಟ್. 2021ರಲ್ಲಿ 93 ಗೆಲುವು, ಮತ್ತೆ ಮೊದಲ ಸರಣಿಯಲ್ಲೇ ಔಟ್, ಅದೂ ನೀವು ಉದಾಹರಣೆ ಕೊಟ್ಟ ಹ್ಯೂಸ್ಟನ್ ಕೈಯಲ್ಲೇ. 2022ರಲ್ಲಿ 81 ಗೆಲುವು, 81 ಸೋಲು. 2023ರಲ್ಲಿ 101 ಸೋಲು, ಮ್ಯಾನೇಜ್‌ಮೆಂಟ್ ಮನೆಗೆ. ಆಮೇಲೆ ಆ 121. ಅದೇ 2024ರಲ್ಲಿ, ಇವರು ಮಾರಿದ ಕ್ರಿಸ್ ಸೇಲ್ ಅಟ್ಲಾಂಟಾ ಪರ ಆಡಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ತಗೊಂಡ. ಮಾರಿದಾಗ ಇಪ್ಪತ್ತೇಳು, ಪ್ರಶಸ್ತಿ ಬಂದಾಗ ಮೂವತ್ತೈದು.

ಎಡವಿದ್ದು ಎಲ್ಲಿ ಅಂತ ತಿಳಿಯಬೇಕಾದರೆ ಜಿಯೊಲಿಟೊ ಒಬ್ಬನನ್ನು ನೋಡಿ ಸಾಕು. 2018ರಲ್ಲಿ ಪೂರ್ತಿ ಸೀಸನ್ ಹಾಕಿದ ಪಿಚರ್‌ಗಳಲ್ಲಿ ಇಡೀ ಮೇಜರ್ ಲೀಗ್‌ಗೇ ಕೆಟ್ಟ ಇಆರ್‌ಎ ಅವನದು, 6.13. ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟಿದ್ದು ಆರು ರನ್‌ಗಿಂತ ಜಾಸ್ತಿ. ಆ ಚಳಿಗಾಲ ಹುಡುಗ ಎಲ್ಲಿಗೆ ಹೋದ ಗೊತ್ತಾ? ತನ್ನ ಹೈಸ್ಕೂಲ್ ಕೋಚ್ ಈಥನ್ ಕಾಟ್ಜ್ ಹತ್ತಿರ. ಕೈಯನ್ನು ಹಿಂದಕ್ಕೆ ದೂರ ಬೀಸಿ ತರುತ್ತಿದ್ದ, ಅದನ್ನು ಮೊಟಕು ಮಾಡಿದ. ಸೊಂಟಕ್ಕೆ ಎಳೆಯುವ ಬೆಲ್ಟ್ ಕಟ್ಟಿಕೊಂಡು ಎಸೆದು ಎಸೆದು ಹೊಸ ಲಯ ಕೂರಿಸಿಕೊಂಡ. 2019ರಲ್ಲಿ ಆಲ್‌ಸ್ಟಾರ್. 2020ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್ ಮೇಲೆ ನೋ-ಹಿಟರ್, ಅಂದರೆ ಎದುರಾಳಿಗೆ ಒಂದು ಹಿಟ್ ಕೂಡ ಬಿಡದ ಪಂದ್ಯ. ಕಾಟ್ಜ್‌ನನ್ನು ವೈಟ್ ಸಾಕ್ಸ್ ಕೆಲಸಕ್ಕೆ ತಗೊಂಡಿದ್ದು ಆಮೇಲೆ! ಅಂದರೆ ಆ ಟ್ರೇಡ್‌ನಲ್ಲಿ ಬಂದ ದೊಡ್ಡ ಹೆಸರನ್ನು ರಿಪೇರಿ ಮಾಡಿದ್ದು ಹೊರಗಿನವನು. ಟೀಮ್ ಒಳಗೆ ಆ ಕೆಲಸ ಮಾಡೋರು ಇರಲಿಲ್ಲ ಅಂತಲೇ ನನ್ನ ಓದು.

ಇದನ್ನೇ ನಾನು ಬಡಕೊಳ್ಳೋದು. ಅಡಿಕೆ ಸಸಿ ತಂದು ನೆಟ್ಟವರೆಲ್ಲ ತೋಟದ ಯಜಮಾನರಾಗುವುದಿಲ್ಲ. ಟ್ರೇಡ್ ಅನ್ನುವುದು ಫೋನಿನಲ್ಲಿ ಮುಗಿಯುವ ಕೆಲಸ. ಆಮೇಲಿನ ನಾಲ್ಕೈದು ವರ್ಷ ಕಲಿಸೋದು, ಪೆಟ್ಟಾಗದಂತೆ ಕಾಯೋದು, ಸುತ್ತ ಅನುಭವಿಗಳನ್ನು ಕೂರಿಸೋದು, ಅದು ಕಷ್ಟ. ಹಿಮೆನೆಸ್ ಕಥೆ ನೆನಪಿದೆಯಲ್ಲ? 2021ರ ಮಾರ್ಚ್, ಲೆಕ್ಕಕ್ಕೇ ಬಾರದ ಅಭ್ಯಾಸ ಪಂದ್ಯ. ಬೇಲಿ ದಾಟಿ ಹೋಗುತ್ತಿದ್ದ ಚೆಂಡಿಗೆ ಕೈ ಹಾಕಲು ಹೋಗಿ ಎದೆಯ ಸ್ನಾಯು ಹರಿದುಕೊಂಡ. ಜುಲೈವರೆಗೆ ಮನೆಯಲ್ಲಿ. ಫೀಲ್ಡಿಂಗ್ ಬಾರದವನನ್ನು ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲಿಸಿ ಬೇಲಿ ಹತ್ತಿರ ಓಡಿಸಿದ್ದು ದುರದೃಷ್ಟ ಅಲ್ಲ ಕಣ್ರೀ, ನಿರ್ಧಾರ.

ದುಡ್ಡಿನ ವಿಷಯವೂ ಇದೆ. ಹುಡುಗರು ಅಗ್ಗಕ್ಕೆ ಆಡುವ ವರ್ಷಗಳಲ್ಲಿ ಉಳಿದ ದುಡ್ಡನ್ನು ದೊಡ್ಡ ಆಟಗಾರರ ಮೇಲೆ ಸುರಿಯಬೇಕು, ರೀಬಿಲ್ಡ್ (ಟೀಮನ್ನು ಬುಡದಿಂದ ಮತ್ತೆ ಕಟ್ಟೋದು) ಅನ್ನುವುದರ ಅರ್ಧ ಅರ್ಥ ಅದೇ. ಇವರು 2019ರಲ್ಲಿ ಮ್ಯಾನಿ ಮಚಾಡೊ ಹಿಂದೆ ಬಿದ್ದರು, ಸ್ಯಾನ್ ಡಿಯಾಗೊ 30 ಕೋಟಿ ಡಾಲರ್ ಕೊಟ್ಟು ಎತ್ತಿಕೊಂಡು ಹೋಯಿತು. ಮ್ಯಾನೇಜರ್ ಬೇಕಾದಾಗ ಮಾಲೀಕರು ಕರೆತಂದಿದ್ದು 2011ರ ನಂತರ ಆ ಕೆಲಸವನ್ನೇ ಮಾಡದ 76 ವರ್ಷದ ಟೋನಿ ಲಾ ರೂಸಾ ಅವರನ್ನು. ಮರ್ಯಾದೆಯ ಹೆಸರೇ, ಆದರೆ ಆ ಹುಡುಗರ ಗುಂಪಿಗೆ ಅದಾ ಬೇಕಿದ್ದಿದ್ದು?

ಇನ್ನು ಹ್ಯೂಸ್ಟನ್. 2011ರಿಂದ 13ರವರೆಗೆ 106, 107, 111 ಸೋಲು, ನಿಜ. ಆದರೆ ಸೋತು ಸಿಕ್ಕ ಪಿಕ್‌ಗಳಲ್ಲಿ ಏನಾಯ್ತು ನೋಡಿ. 2012ರ ಕಾರ್ಲೋಸ್ ಕೊರಿಯಾ ಫಲಿಸಿದ. 2013ರ ಮೊದಲ ಪಿಕ್ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. 2014ರವನು ಸಹಿಯನ್ನೇ ಹಾಕಲಿಲ್ಲ. ಗೆದ್ದ ಆ ಟೀಮ್‌ನ ಹೋಸೆ ಆಲ್ಟುವೆ? ರೀಬಿಲ್ಡ್ ಅನ್ನುವ ಮಾತೇ ಇಲ್ಲದ 2007ರಲ್ಲಿ ವೆನೆಜುವೆಲಾದಿಂದ 15,000 ಡಾಲರಿಗೆ ಬಂದ ಕುಳ್ಳ ಹುಡುಗ. ಕೈಕಲ್, ಸ್ಪ್ರಿಂಗರ್ ಕೂಡ ಆ ರೀಬಿಲ್ಡ್ ನಡೆಸಿದ ಜನರಲ್ ಮ್ಯಾನೇಜರ್ ಜೆಫ್ ಲೂನೌ ಬರುವ ಮೊದಲೇ ಇದ್ದವರು. ಕೊನೆಗೆ 2017ರ ಆಗಸ್ಟ್ 31ರಂದು ಮೂವರು ಹುಡುಗರನ್ನು ಕೊಟ್ಟು 34ರ ಜಸ್ಟಿನ್ ವರ್ಲ್ಯಾಂಡರ್‌ನನ್ನು ತಂದರು. ಹುಡುಗರನ್ನು ಬಿಟ್ಟುಕೊಡುವ ದಿನವೂ ಬರುತ್ತದೆ, ಅದನ್ನು ಯಾರೂ ಹೇಳಲ್ಲ. ಆ ವರ್ಷ ಅವರು ಕ್ಯಾಮೆರಾ ಇಟ್ಟು ಎದುರಾಳಿಯ ಸಂಕೇತ ಕದ್ದು ಕಸದ ಡಬ್ಬ ಬಡಿದದ್ದನ್ನೂ ನೀವು ಪಾಠದಲ್ಲಿ ಸೇರಿಸಿಕೊಂಡಿಲ್ಲ ಅಂದುಕೊಳ್ಳುತ್ತೇನೆ.

ಹಾಗಾಗಿ ಇನ್ನೆಷ್ಟು ವರ್ಷ ಅಂತ ಕೇಳಬೇಡಿ. ಕ್ರೋಶೆ ಬದಲು ಬಂದ ಕೈಲ್ ಟೀಲ್‌ಗೆ ವಿಕೆಟ್ ಕೀಪರ್ ತರಹದ ಆ ಕ್ಯಾಚರ್ ಕೆಲಸ ಯಾರು ಕಲಿಸುತ್ತಿದ್ದಾರೆ, ಮೈನರ್ ಲೀಗ್ ಕೋಚ್‌ಗಳು ಎಷ್ಟು ಬದಲಾಗಿದ್ದಾರೆ ಅಂತ ಕೇಳಿ.

ಜಾಸ್ತಿ ಸೋತರೆ ಡ್ರಾಫ್ಟ್‌ನಲ್ಲಿ ಮೊದಲ ಪಿಕ್ ಗ್ಯಾರಂಟಿ ಅಲ್ವಾ?

ಅಲ್ಲ. 2023ರ ಡ್ರಾಫ್ಟ್‌ನಿಂದ ಮೊದಲ ಆರು ಜಾಗಕ್ಕೆ ಲಾಟರಿ. ದೊಡ್ಡ ಮಾರುಕಟ್ಟೆಯ ಟೀಮ್‌ಗೆ ಎರಡು ವರ್ಷ ಸತತ ಲಾಟರಿ ಪಿಕ್ ಸಿಗಲ್ಲ. 121 ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಪಿಕ್.

ಫಾರ್ಮ್‌ನಲ್ಲಿರುವ ಹುಡುಗನನ್ನು ಏಪ್ರಿಲ್‌ನಲ್ಲಿ ಎರಡು ವಾರ ಮೈನರ್ ಲೀಗ್‌ನಲ್ಲೇ ಯಾಕೆ ಕೂರಿಸುತ್ತಾರೆ?

ಮೇಜರ್ ಲೀಗ್‌ನಲ್ಲಿ 172 ದಿನ ಆದರೆ ಒಂದು ವರ್ಷದ ಸೇವೆ, ಅಂಥ ಆರು ವರ್ಷಕ್ಕೆ ಅವನು ಬೇರೆ ಟೀಮ್‌ಗೆ ಹೋಗಲು ಸ್ವತಂತ್ರ. ಆ ಎರಡು ವಾರ ಕೂರಿಸಿದರೆ ಅದು ಒಂದು ವರ್ಷ ತಡ. 2015ರಲ್ಲಿ ಕಬ್ಸ್‌ನ ಕ್ರಿಸ್ ಬ್ರಯಂಟ್‌ಗೆ ಬಿದ್ದಿದ್ದು 171. ದೂರು ಕೊಟ್ಟ, ಸೋತ. ನನ್ನ ಕೇಳಿದರೆ ಇದು ಲೆಕ್ಕದ ಹೆಸರಿನಲ್ಲಿ ಮಾಡುವ ಸಣ್ಣತನ.

ಹದಿನೇಳರ ಹುಡುಗನನ್ನು ಕೊಟ್ಟು ಅನುಭವಿಯನ್ನು ತಂದರೆ ನಷ್ಟವೇನು?

2016ರ ಜೂನ್, ವೈಟ್ ಸಾಕ್ಸ್, ತಂದ ಅನುಭವಿ ಪಿಚರ್ ಜೇಮ್ಸ್ ಶೀಲ್ಡ್ಸ್. ಕೊಟ್ಟ ಹುಡುಗನ ಹೆಸರು ಫರ್ನಾಂಡೊ ಟಾಟಿಸ್ ಜೂನಿಯರ್, ಆಮೇಲೆ ಸ್ಯಾನ್ ಡಿಯಾಗೊದಲ್ಲಿ ದೊಡ್ಡ ಸ್ಟಾರ್ ಆದವನು.

ಐಪಿಎಲ್ ತರಹ ಎಲ್ಲರನ್ನೂ ಹರಾಜಿಗೆ ಹಾಕಿದರೆ ಆಗಲ್ವಾ?

ಆಟಗಾರರ ಯೂನಿಯನ್ ಒಪ್ಪಲ್ಲ. ಮುಂದಿನ ಪ್ರಶ್ನೆ.

ಯೂಟ್ಯೂಬ್‌ನಲ್ಲಿ ಒಬ್ಬರು ಮುಂದಿನ ಸ್ಟಾರ್ ಯಾರೆಂದು ಮೊದಲೇ ಹೇಳುತ್ತಾರೆ. ಅವರ ಮಾತು ನಂಬಿ ಅಂಥ ಹುಡುಗರ ಫೋಟೋ ಇರುವ, ಸಂಗ್ರಹಿಸಿ ಮಾರುವ ಬೇಸ್‌ಬಾಲ್ ಕಾರ್ಡ್ ಕೊಂಡು ಮಗನ ಕಾಲೇಜಿಗೆ ಇಡಬಹುದಾ?

ಮೊಂಕಾಡ ಒಂದು ಕಾಲಕ್ಕೆ ದೇಶದ ನಂಬರ್ ಒನ್ ಪ್ರಾಸ್ಪೆಕ್ಟ್, ಅಂದರೆ ಮುಂದೆ ಸ್ಟಾರ್ ಆಗುತ್ತಾನೆ ಅಂತ ಎಲ್ಲರೂ ನಂಬಿದ ಹುಡುಗ ಆಗಿದ್ದವನು. ಬಾಸ್ಟನ್ ಅವನಿಗೆ ಕೊಟ್ಟ ಬೋನಸ್ಸೇ 3 ಕೋಟಿ 15 ಲಕ್ಷ ಡಾಲರ್. ಕೋಟಿಗಟ್ಟಲೆ ಸಂಬಳ ತಗೊಂಡು ದಿನವಿಡೀ ಹುಡುಗರನ್ನೇ ನೋಡುವವರು ಎಡವುವ ಕಡೆ ನಿಮ್ಮ ಯೂಟ್ಯೂಬ್ ಜ್ಯೋತಿಷಿ ನೆಟ್ಟಗೆ ನಡೆಯುತ್ತಾನಾ? ಕಾಲೇಜಿನ ದುಡ್ಡು ಬ್ಯಾಂಕಿನಲ್ಲಿ ಇಡಿ. ಕಾರ್ಡ್ ಬೇಕಿದ್ದರೆ ಮಗ ಇಷ್ಟಪಡುವ ಆಟಗಾರನದು ಒಂದು ಕೊಡಿಸಿ, ಅಗ್ಗದ್ದು ಸಾಕು.